ಬಿಸಿಯಾದ ಮೇಲೆ ಫ್ಯೂಯಲ್ ಪಂಪ್ ನಿಲ್ಲುತ್ತೆ: ಹೋಗಿರೋದು ಪಂಪಾ, ಕಂಟ್ರೋಲ್ ಮಾಡ್ಯೂಲಾ?

ಅರ್ಧ_ಟ್ಯಾಂಕ್

ಪೆಟ್ರೋಲ್ ಕಾರು, ಪೋರ್ಟ್ ಇಂಜೆಕ್ಷನ್, ಉಳಿದ ಪೆಟ್ರೋಲ್ ಟ್ಯಾಂಕಿಗೆ ವಾಪಸ್ ಬರೋ ರಿಟರ್ನ್ ಲೈನ್ ಇಲ್ಲ. ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತೆ. ಅರ್ಧ ಗಂಟೆ ಓಡಿದ ಮೇಲೆ ಏರಿನಲ್ಲಿ ಎಳೆತ ಕಮ್ಮಿಯಾಗಿ, ಜಗ್ಗಿ ಜಗ್ಗಿ ಆಫ್ ಆಗುತ್ತೆ. ಆಮೇಲೆ ಸ್ಟಾರ್ಟರ್ ಚೆನ್ನಾಗಿ ತಿರುಗುತ್ತೆ, ಎಂಜಿನ್ ಹತ್ತಲ್ಲ. ಇಗ್ನಿಷನ್ ಆನ್ ಮಾಡಿದಾಗ ಟ್ಯಾಂಕಿನ ಕಡೆಯಿಂದ ಬರಬೇಕಾದ ಗುಂಯ್ ಸದ್ದೂ ಇರಲ್ಲ. ಇಪ್ಪತ್ತು ನಿಮಿಷ ಬಿಟ್ಟರೆ ಮತ್ತೆ ಸರಿ. ಸ್ಕ್ಯಾನರ್‌ನಲ್ಲಿ ಬಂದ ಎರರ್ ಕೋಡ್ ಪಿ0231 ಮತ್ತು ಪಿ0087. ಫ್ಯೂಸ್, ರಿಲೇ ನೋಡಿ ಆಯ್ತು, ಸರಿ ಇವೆ. ಪಂಪಿಗೆ ಕರೆಂಟ್ ಕೊಟ್ಟು ವೇಗ ಹತೋಟಿ ಮಾಡೋ ಮಾಡ್ಯೂಲ್ ಡಿಕ್ಕಿಯ ಪಕ್ಕದ ಟ್ರಿಮ್ ಒಳಗಿದೆ, ಕೈಗೆ ಸಿಗುತ್ತೆ. ಯಾವುದು ಹೋಗಿದೆ ಅಂತ ಖಾತ್ರಿ ಇಲ್ಲದೆ ಪಾರ್ಟ್ ತರಿಸೋ ಮನಸ್ಸಿಲ್ಲ.

ವೈರಿಂಗ್_ಹುಳ

ಪಿ0087 ಅಂದರೆ ಫ್ಯೂಯಲ್ ರೈಲಿನಲ್ಲಿ (ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚೋ ಪೈಪು) ಪ್ರೆಶರ್ ಕಮ್ಮಿ, ಅಷ್ಟೇ. ಕಾರಣ ಹೇಳಲ್ಲ, ಸದ್ಯಕ್ಕೆ ಪಕ್ಕಕ್ಕಿಡಿ. ಪಿ0231 ಕೆಲಸಕ್ಕೆ ಬರುತ್ತೆ: ಪಂಪಿಗೆ ಕರೆಂಟ್ ಹೋಗೋ ಕಡೆ ವೋಲ್ಟೇಜ್ ಇರಬೇಕಾದಷ್ಟು ಇಲ್ಲ ಅನ್ನೋ ದೂರು ಅದು. ಇದರ ಬದಲು ಪಿ025ಎ ಬಂದಿದ್ದರೆ ಇಸಿಎಂನಿಂದ (ಎಂಜಿನ್ ಕಂಪ್ಯೂಟರ್) ಮಾಡ್ಯೂಲಿಗೆ ಬರೋ ಕಂಟ್ರೋಲ್ ವೈರಿನಿಂದ ಶುರು ಮಾಡಬೇಕಿತ್ತು. ಯು0109 ಆಗಿದ್ದರೆ ಮಾಡ್ಯೂಲಿನ ಜೊತೆ ಮಾತುಕತೆಯೇ ನಿಂತಿದೆ ಅಂತ.

ಈ ಮಾಡ್ಯೂಲಿಗೆ ಬೇಕಾದದ್ದು ಮೂರು: ಬ್ಯಾಟರಿ ಪವರ್, ಅರ್ಥ್, ಇಸಿಎಂ ಕಳಿಸೋ ಪಿಡಬ್ಲ್ಯೂಎಂ ಕಮಾಂಡ್ (ಬೇಗ ಬೇಗ ಆನ್-ಆಫ್ ಆಗೋ ಸಿಗ್ನಲ್). ಮೂರೂ ಸರಿಯಿದ್ದು ಪಂಪಿನ ಕಡೆ ಏನೂ ಬರ್ತಿಲ್ಲ ಅಂದರೆ ಮಾತ್ರ ಮಾಡ್ಯೂಲ್ ಹೋಗಿದೆ ಅನ್ನಬಹುದು. ಈ ನಾಲ್ಕನ್ನೂ ಕಾರು ಬಿಸಿಯಾಗಿ ಆಫ್ ಆಗಿರುವಾಗಲೇ ಅಳೀಬೇಕು, ತಣ್ಣಗಾದ ಮೇಲೆ ಅಳೆದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತೆ. ಮಾಡ್ಯೂಲನ್ನು ಬೇಗ ಬಿಸಿ ಮಾಡಬೇಕಾದರೆ ಹೇರ್ ಡ್ರೈಯರ್ ಸಾಕು. ಹೀಟ್ ಗನ್ ಬೇಡ, ಕೇಸ್ ಕರಗುತ್ತೆ, ಟ್ಯಾಂಕಿನ ಹತ್ತಿರ ಅದು ಅಪಾಯ ಕೂಡ.

ಕನೆಕ್ಟರ್ ಕಳಚದೆ ಹಿಂದಿನಿಂದ ಪ್ರೋಬ್ ತೂರಿಸಿ ಅಳೆಯಿರಿ. ವೈರಿನ ಸಿಪ್ಪೆಗೆ ಸೂಜಿ ಚುಚ್ಚಬೇಡಿ, ಆ ತೂತಿನಿಂದ ನೀರು ಒಳಗಿಳಿದು ಮುಂದೆ ತಾಮ್ರ ಹಸಿರಾಗುತ್ತೆ. ಪಂಪ್ ಓಡ್ತಿರುವಾಗ ಬ್ಯಾಟರಿ ಮೈನಸ್ ಮತ್ತು ಮಾಡ್ಯೂಲಿನ ಅರ್ಥ್ ಪಿನ್ ಮಧ್ಯೆ 0.1 ವೋಲ್ಟ್ ಒಳಗೆ ಬರಬೇಕು, 0.2 ದಾಟಿದರೆ ಅರ್ಥ್ ಪಾಯಿಂಟ್ ಬಿಚ್ಚಿ ಉಜ್ಜಿ. ಪ್ಲಸ್ ಕಡೆಯ ಡ್ರಾಪ್ (ದಾರಿಯಲ್ಲೇ ಕಳೆದುಹೋಗೋ ವೋಲ್ಟೇಜ್) ಫ್ಯೂಸ್, ರಿಲೇ ಎಲ್ಲ ಸೇರಿ ಅರ್ಧ ವೋಲ್ಟಿನ ಒಳಗಿರಲಿ. ಓಮ್ ಮೋಡಿನಲ್ಲಿ ನೋಡಿ ಸಮಾಧಾನ ಪಡಬೇಡಿ: ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಬೀಪ್ ಅನ್ನುತ್ತೆ. 0.1 ಓಮ್ ಜಾಸ್ತಿಯಾಗಿದ್ದರೆ ಮೀಟರಿನ ಲೀಡುಗಳ ರೆಸಿಸ್ಟೆನ್ಸ್‌ನಲ್ಲೇ ಅದು ಮುಚ್ಚಿಹೋಗುತ್ತೆ, ಆದರೆ 8 ಆಂಪ್ ಹರಿಯುವಾಗ ಅಷ್ಟಕ್ಕೇ 0.8 ವೋಲ್ಟ್ ಹೋಯ್ತು.

ಕಮಾಂಡ್ ವೈರಿನಲ್ಲಿ ಮೀಟರನ್ನು ಡ್ಯೂಟಿ ಸೈಕಲ್ (ಸಿಗ್ನಲ್ ಆನ್ ಇರೋ ಸಮಯದ ಪಾಲು) ಮೋಡಿಗೆ ಹಾಕಿ. ಎಷ್ಟು ಪರ್ಸೆಂಟ್ ಇರಬೇಕು ಅನ್ನೋದು ಕಾರಿಂದ ಕಾರಿಗೆ ಬೇರೆ, ಸರ್ವಿಸ್ ಮ್ಯಾನ್ಯುಯಲ್ ನೋಡಲೇಬೇಕು. ಔಟ್‌ಪುಟ್ ವೈರಿನಲ್ಲಿ 6 ಅಥವಾ 7 ವೋಲ್ಟ್ ಕಂಡರೆ ಗಾಬರಿ ಬೇಡ. ಐಡಲ್‌ನಲ್ಲಿ ಮಾಡ್ಯೂಲ್ ಪಂಪನ್ನು ನಿಧಾನ ಓಡಿಸ್ತಿರುತ್ತೆ, ಮೀಟರ್ ತೋರಿಸೋದು ಆ ಆನ್-ಆಫ್‌ನ ಸರಾಸರಿ.

ಸ್ಟೆಪ್ನಿ

ಇಷ್ಟೆಲ್ಲ ಯಾಕೆ? ಪಂಪ್ ಕನೆಕ್ಟರ್ ಬಿಚ್ಚಿ ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಡಿ. ಪಂಪ್ ಓಡಿದರೆ ಮಾಡ್ಯೂಲ್ ಹೋಗಿದೆ, ಓಡದಿದ್ದರೆ ಪಂಪ್ ಹೋಗಿದೆ. ಐದು ನಿಮಿಷದ ಕೆಲಸ.

ಹತ್ತರ_ಸ್ಪ್ಯಾನರ್

@ಸ್ಟೆಪ್ನಿ, ಎರಡು ವೈರಿನ ಬ್ರಷ್ ಮೋಟಾರಿಗೆ ಅದು ನಡೆಯುತ್ತೆ, ನಡುವೆ 15 ಆಂಪ್ ಫ್ಯೂಸ್ ಹಾಕಿದರೆ. ಈಗಿನ ಎಷ್ಟೋ ಕಾರಲ್ಲಿ ಪಂಪ್ ಮೂರು ಫೇಸಿನ ಬ್ರಷ್‌ಲೆಸ್. ಅದಕ್ಕೆ ನೇರ 12 ವೋಲ್ಟ್ ಕೊಟ್ಟರೆ ತಿರುಗೋದಿಲ್ಲ, ವೈಂಡಿಂಗ್ ಸುಡುತ್ತೆ. ಮೂರು ದಪ್ಪ ವೈರು ಇದ್ದು, ಯಾವ ಎರಡರ ಮಧ್ಯೆ ಅಳೆದರೂ ಒಂದೇ ರೆಸಿಸ್ಟೆನ್ಸ್ ಬಂದರೆ ಬ್ರಷ್‌ಲೆಸ್ ಅಂತಲೇ ತಿಳಿಯಿರಿ. ಇನ್ನೊಂದು, ಕಿಡಿ. ಕ್ಲಿಪ್ಪನ್ನು ಟ್ಯಾಂಕಿನ ಮೇಲೆ ಸಿಕ್ಕಿಸಬೇಡಿ, ಕೊನೆಯ ಜೋಡಣೆ ಯಾವಾಗಲೂ ಬ್ಯಾಟರಿಯ ಹತ್ತಿರವೇ ಆಗಲಿ.

ಅಲ್ಲದೆ ಈ ಪರೀಕ್ಷೆಯಲ್ಲಿ ಪಂಪ್ ಓಡುತ್ತಾ ಅಂತ ಗೊತ್ತಾಗುತ್ತೆ, ಎಷ್ಟು ಕರೆಂಟ್ ಎಳೀತಿದೆ ಅಂತ ಗೊತ್ತಾಗಲ್ಲ. ಮಾಡ್ಯೂಲ್ ಸುಡೋದು ಹೆಚ್ಚಾಗಿ ಅದರಿಂದಲೇ. ಡಿಸಿ ಕ್ಲ್ಯಾಂಪ್ ಮೀಟರನ್ನು ಮಾಡ್ಯೂಲಿನಿಂದ ಪಂಪಿಗೆ ಹೋಗೋ ವೈರಿಗೆ ಹಾಕಿ, ಸ್ಕ್ಯಾನರ್‌ನಿಂದ ಪಂಪಿಗೆ ಪೂರ್ತಿ ಕಮಾಂಡ್ ಕೊಟ್ಟು ಓದಿ. ನಿಮ್ಮಂಥ ಪೋರ್ಟ್ ಇಂಜೆಕ್ಷನ್ ಕಾರಲ್ಲಿ ಸಾಮಾನ್ಯವಾಗಿ 4ರಿಂದ 8 ಆಂಪ್. ಕ್ಲ್ಯಾಂಪನ್ನು ಬ್ಯಾಟರಿಯಿಂದ ಬರೋ ವೈರಿಗೆ ಹಾಕಿದರೆ, ಡ್ಯೂಟಿ ಕಮ್ಮಿ ಇದ್ದಾಗ ನಿಜಕ್ಕಿಂತ ಕಡಿಮೆ ಕಾಣಿಸುತ್ತೆ.

ಅರ್ಧ_ಟ್ಯಾಂಕ್

ಪಂಪ್ ಎರಡು ವೈರಿನದ್ದೇ. ಪಂಪ್ ಓಡ್ತಿರುವಾಗ ಅರ್ಥ್ ಡ್ರಾಪ್ 0.06, ಪ್ಲಸ್ ಕಡೆ 0.3 ವೋಲ್ಟ್. ಬಿಸಿಯಾಗಿ ನಿಂತಾಗ ಮಾಡ್ಯೂಲ್ ಪಿನ್ನಿನಲ್ಲಿ ಪವರ್ ಪೂರ್ತಿ ಇದೆ, ಕಮಾಂಡ್ ಬರ್ತಿದೆ, ಔಟ್‌ಪುಟ್ ಸೊನ್ನೆ. ಮಾಡ್ಯೂಲಿನ ಮೇಲೆ ಒದ್ದೆ ಬಟ್ಟೆ ಹಾಕಿದ ಸ್ವಲ್ಪ ಹೊತ್ತಿಗೆ ಪಂಪ್ ಶುರುವಾಯ್ತು. ತಣ್ಣಗಿದ್ದಾಗ ಪೂರ್ತಿ ಕಮಾಂಡಿಗೆ 11 ಆಂಪ್. ಪ್ರೆಶರ್ 4 ಬಾರ್ ಇರಬೇಕಿತ್ತು, 3.4 ಬರ್ತಿದೆ.

ವೈರಿಂಗ್_ಹುಳ

ಹಾಗಾದರೆ ಮಾಡ್ಯೂಲ್ ಹೋಗಿದೆ, ಅನುಮಾನ ಇಲ್ಲ. ಪವರ್, ಅರ್ಥ್, ಕಮಾಂಡ್ ಮೂರೂ ಇದ್ದು ಔಟ್‌ಪುಟ್ ಇಲ್ಲ, ತಣ್ಣಗಾದರೆ ಬರುತ್ತೆ. ಒಳಗಿನ ಸೋಲ್ಡರ್ ಬಿರುಕು ಬಿಟ್ಟಿದ್ದರೂ, ಪವರ್ ಟ್ರಾನ್ಸಿಸ್ಟರ್ ಸೋತಿದ್ದರೂ ಹೀಗೇ ಆಗುತ್ತೆ.

ಆದರೆ ಆ 11 ಆಂಪ್ ಬಿಟ್ಟುಬಿಟ್ಟರೆ ಹೊಸ ಮಾಡ್ಯೂಲಿನ ಗತಿಯೂ ಇದೇ. ಕರೆಂಟ್ ಜಾಸ್ತಿ, ಪ್ರೆಶರ್ ಕಮ್ಮಿ ಅಂದರೆ ಪಂಪಿನ ಬೇರಿಂಗ್ ಬಿಗಿಯಾಗಿದೆ, ಇಲ್ಲಾ ಪಂಪ್ ದಾಟಿದ ಮೇಲೆ ಎಂಜಿನ್ ಕಡೆ ಸಿಗೋ ಫಿಲ್ಟರ್ ಕಟ್ಟಿಕೊಂಡಿದೆ. ಟ್ಯಾಂಕಿನ ತಳದ ಜಾಲರಿ ಕಟ್ಟಿಕೊಂಡಿದ್ದರೆ ಕರೆಂಟ್ ಏರೋದಿಲ್ಲ, ಪಂಪ್ ಕೀರಲು ಸದ್ದು ಮಾಡುತ್ತೆ. ಫಿಲ್ಟರ್ ಹೊರಗಿದ್ದರೆ ಮೊದಲು ಅದನ್ನು ಬದಲಾಯಿಸಿ ಮತ್ತೆ ಅಳೆಯಿರಿ. ಆಗಲೂ 11 ಇದ್ದರೆ ಪಂಪ್ ಮತ್ತು ಮಾಡ್ಯೂಲ್ ಎರಡನ್ನೂ ಒಟ್ಟಿಗೇ ಬದಲಾಯಿಸಿ. ಸದಾ ರಿಸರ್ವ್‌ನಲ್ಲೇ ಓಡಿಸೋರಿಗೆ ಈ ಪಾಡು ಬೇಗ ಬರುತ್ತೆ: ಪಂಪನ್ನು ತಣ್ಣಗಿಡೋದೇ ಸುತ್ತಲಿನ ಪೆಟ್ರೋಲ್.

ಹತ್ತರ_ಸ್ಪ್ಯಾನರ್

ಬದಲಾಯಿಸೋ ಕೆಲಸ ದೊಡ್ಡದಲ್ಲ. ಬ್ಯಾಟರಿ ಮೈನಸ್ ಕಳಚಿ, ಕನೆಕ್ಟರ್ ಲಾಕ್ ಒತ್ತಿ ಎಳೆಯಿರಿ, ಬೋಲ್ಟ್ ಬಿಚ್ಚಿ. ವೈರು ಹಿಡಿದು ಎಳೆಯಬೇಡಿ. ಪಂಪ್ ಅಥವಾ ಫಿಲ್ಟರ್ ಕೂಡ ಬಿಚ್ಚೋದಾದರೆ ಅದಕ್ಕೂ ಮೊದಲು ಪ್ರೆಶರ್ ಇಳಿಸಬೇಕು: ಎಂಜಿನ್ ಓಡ್ತಿರುವಾಗ ಪಂಪಿನ ಫ್ಯೂಸ್ ಕಿತ್ತರೆ ತಾನೇ ನಿಲ್ಲುತ್ತೆ, ಆಮೇಲೆ ಬ್ಯಾಟರಿ ಕಳಚಿ. ಟ್ಯಾಂಕ್ ತೆರೆಯೋದು ಗಾಳಿಯಾಡೋ ಜಾಗದಲ್ಲಿ, ಕೈಯಳತೆಯಲ್ಲಿ ಬೆಂಕಿ ಆರಿಸೋ ಸಿಲಿಂಡರ್ ಇಟ್ಟುಕೊಂಡು.

ಹೊಸದನ್ನು ಕೂರಿಸೋ ಮುಂಚೆ ಕನೆಕ್ಟರ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಆ ಟರ್ಮಿನಲ್ ಸಡಿಲವಾಗಿ ಬಿಸಿಯಾಗಿದೆ ಅಂತ. ಅದನ್ನು ಹಾಗೇ ಬಿಟ್ಟು ಮಾಡ್ಯೂಲ್ ಮಾತ್ರ ಹಾಕಿದರೆ ಹೊಸ ಪಿನ್ನೂ ಸುಡುತ್ತೆ. ಟ್ಯಾಂಕಿನ ಮೇಲಿನ ಕನೆಕ್ಟರನ್ನೂ ಹೀಗೇ ನೋಡಿ, ಕರಗೋದು ಅಲ್ಲೇ ಜಾಸ್ತಿ.

ನಿಮ್ಮದು ಡಿಕ್ಕಿ ಒಳಗೆ ಇರೋದು ಪುಣ್ಯ. 2004ರಿಂದ 2008ರ ಫೋರ್ಡ್ ಎಫ್-150ಯಲ್ಲಿ ಅದು ಸ್ಟೆಪ್ನಿ ಮೇಲಿನ ಕ್ರಾಸ್ ಮೆಂಬರಿಗೆ ಅಂಟಿಕೊಂಡೇ ಕೂತಿತ್ತು. ಅಲ್ಯೂಮಿನಿಯಂ ಮತ್ತು ಉಕ್ಕಿನ ಮಧ್ಯೆ ಉಪ್ಪುನೀರು ನಿಂತು ಮಾಡ್ಯೂಲ್ ತೂತಾಗ್ತಿತ್ತು, ಬದಲಿ ಮಾಡ್ಯೂಲ್ ಕೂರಿಸುವಾಗ ಸ್ಪೇಸರ್ ಕೊಟ್ಟು ಎತ್ತರಿಸಿದರು. ಹಿತ್ತಾಳೆ ತೊಳೆದ ಹಾಗೆ ಉಜ್ಜಿದರೂ ಆ ಜಾಗದ ತುಕ್ಕು ಮತ್ತೆ ಬರುತ್ತೆ, ನಡುವೆ ಗಾಳಿ ಆಡಲೇಬೇಕು.

ಹಾಕಿದ ಮೇಲೆ ಕೋಡ್ ಅಳಿಸಿ. ಇಗ್ನಿಷನ್ ಆನ್ ಮಾಡಿ ಎರಡು ಸೆಕೆಂಡ್ ಬಿಟ್ಟು ಆಫ್ ಮಾಡಿ, ಹೀಗೆ ಮೂರು ಸಲ ಮಾಡಿ ಲೈನ್ ತುಂಬಿಸಿ, ಸೋರಿಕೆ ನೋಡಿ, ಆಮೇಲೆ ಸ್ಟಾರ್ಟ್ ಮಾಡಿ.

ಅರ್ಧ_ಟ್ಯಾಂಕ್

ಫಿಲ್ಟರ್ ಟ್ಯಾಂಕ್ ಒಳಗಿನ ಅಸೆಂಬ್ಲಿಯಲ್ಲೇ ಇದೆ, ಎರಡನ್ನೂ ತರಿಸ್ತೀನಿ. ಹಳೇ ಕಾರಿಂದ ಬಿಚ್ಚಿದ ಮಾಡ್ಯೂಲ್ ಹಾಕಬಹುದಾ?

ವೈರಿಂಗ್_ಹುಳ

ಪಾರ್ಟ್ ನಂಬರ್ ಕೊನೆಯ ಅಕ್ಷರದವರೆಗೂ ಹೊಂದಿದರೆ ಹಾಕಬಹುದು, ಆದರೆ ಅದು ಎಷ್ಟು ಬಿಸಿ ತಿಂದಿದೆ ಅಂತ ಹೊರಗಿನಿಂದ ಗೊತ್ತಾಗಲ್ಲ. ಬರೀ ಪಿಡಬ್ಲ್ಯೂಎಂ ಕೇಳೋ ಮಾಡ್ಯೂಲ್ ಸಾಮಾನ್ಯವಾಗಿ ಹಾಕಿದ ಕೂಡಲೇ ಓಡುತ್ತೆ. ಕ್ಯಾನ್ ಲೈನಿಗೆ (ಕಾರಿನ ಕಂಪ್ಯೂಟರುಗಳು ಮಾತಾಡಿಕೊಳ್ಳೋ ವೈರು) ಸೇರಿದ್ದಕ್ಕೆ ಎಷ್ಟೋ ಕಾರುಗಳಲ್ಲಿ ಪ್ರೋಗ್ರಾಮಿಂಗ್ ಬೇಕು, ಹೊಸದಾದರೂ ಸರಿ. ಕನೆಕ್ಟರಿನಲ್ಲಿ ಜೋಡಿಯಾಗಿ ಹೆಣೆದ ಎರಡು ಸಣ್ಣ ವೈರು ಇದೆಯಾ ನೋಡಿ. ಇದ್ದರೆ ಪಾರ್ಟ್ ತರಿಸೋ ಮುಂಚೆಯೇ ಪ್ರೋಗ್ರಾಮ್ ಮಾಡಿಕೊಡೋರನ್ನು ಕೇಳಿಕೊಳ್ಳಿ.