ಸೆಕೆಂಡಿಗೆ ೨೫ ಫ್ರೇಮಿನ ಧ್ವನಿಯನ್ನು ೨೩.೯೭೬ ಫ್ರೇಮಿನ ವಿಡಿಯೋಗೆ ಹೊಂದಿಸುವುದು ಹೇಗೆ?

ಪ್ರಶ್ನೆ: ನನ್ನಲ್ಲಿರುವ ಹಳೆಯ ಪಾಲ್ (PAL, ಸೆಕೆಂಡಿಗೆ ೨೫ ಫ್ರೇಮುಗಳ ಟಿವಿ ಪದ್ಧತಿ) ಡಿವಿಡಿಯ ಧ್ವನಿಯನ್ನು ಅದೇ ಚಿತ್ರದ ಬ್ಲೂ-ರೇ ವಿಡಿಯೋಗೆ ಜೋಡಿಸಬೇಕಾಗಿದೆ. ಆರಂಭದಲ್ಲಿ ತುಟಿಚಲನೆ ಸರಿಹೊಂದಿದರೂ, ನಿಮಿಷಕ್ಕೆ ಸುಮಾರು ಎರಡೂವರೆ ಸೆಕೆಂಡಿನಂತೆ ಧ್ವನಿ ಮುಂದೆ ಓಡುತ್ತದೆ. ಏನು ಮಾಡಲಿ?

ಉತ್ತರ ೧: ಸೆಕೆಂಡಿಗೆ ೨೪ ಫ್ರೇಮುಗಳಲ್ಲಿ ಚಿತ್ರೀಕರಿಸಿದ್ದನ್ನು ಪಾಲ್‌ಗಾಗಿ ೨೫ಕ್ಕೆ ಓಡಿಸುವುದರಿಂದ ಚಿತ್ರದ ಅವಧಿಯೇ ಕುಗ್ಗುತ್ತದೆ, ಬ್ಲೂ-ರೇಯಲ್ಲಿ ೧೨೦ ನಿಮಿಷವಿರುವುದು ಡಿವಿಡಿಯಲ್ಲಿ ಸುಮಾರು ೧೧೫ ನಿಮಿಷವಾಗುತ್ತದೆ. ನಿಮ್ಮ ಬ್ಲೂ-ರೇಯ ದರ ೨೩.೯೭೬ ಆಗಿರುವುದರಿಂದ ಧ್ವನಿಯ ವೇಗವನ್ನು ೨೩.೯೭೬/೨೫, ಅಂದರೆ ೦.೯೫೯೦೪ಕ್ಕೆ ಇಳಿಸಿ. ಎಫ್ಎಫ್ಎಂಪೆಗ್ (FFmpeg) ಎಂಬ ಧ್ವನಿ-ವಿಡಿಯೋ ತಂತ್ರಾಂಶದ, ವೇಗ ಬದಲಿಸುವ ಎಟೆಂಪೋ (atempo) ಫಿಲ್ಟರಿಗೆ ಈ ಸಂಖ್ಯೆಯನ್ನು ಕೊಟ್ಟರೆ ಸಾಕು.

ಉತ್ತರ ೨: ಸಾಕಾಗುವುದಿಲ್ಲ ಎಂದು ನನ್ನ ಅನಿಸಿಕೆ. ಎಟೆಂಪೋ ಸ್ಥಾಯಿಯನ್ನು (ಸ್ವರದ ಎತ್ತರವನ್ನು) ಹಾಗೆಯೇ ಉಳಿಸುತ್ತದೆ. ಆದರೆ ಪಾಲ್‌ಗೆ ವೇಗ ಹೆಚ್ಚಿಸಿದಾಗ ಸ್ಥಾಯಿಯನ್ನು ಸರಿಪಡಿಸದೆ ಬಿಟ್ಟಿದ್ದರೆ, ಧ್ವನಿ ಸುಮಾರು ಮುಕ್ಕಾಲು ಸೆಮಿಟೋನಿನಷ್ಟು (ಸೆಮಿಟೋನ್ ಎಂದರೆ ಪಕ್ಕಪಕ್ಕದ ಎರಡು ಸ್ವರಗಳ ನಡುವಿನ ಅತಿ ಚಿಕ್ಕ ಅಂತರ) ಏರಿಯೇ ಇರುತ್ತದೆ. ಹಾಗಿದ್ದಲ್ಲಿ, ೪೮೦೦೦ ಹರ್ಟ್ಸ್ ಸ್ಯಾಂಪಲ್ ದರದ (ಸೆಕೆಂಡಿಗೆ ಅಷ್ಟು ಧ್ವನಿ ಮಾದರಿಗಳಿರುವ) ಧ್ವನಿಯನ್ನು ಎಸೆಟ್‌ರೇಟ್ (asetrate) ಫಿಲ್ಟರಿನ ಮೂಲಕ ೪೬೦೩೪ ಎಂದು ಓದಿಸಿ, ಬಳಿಕ ಎರೀಸ್ಯಾಂಪಲ್ (aresample) ಫಿಲ್ಟರಿನಿಂದ ಪುನಃ ೪೮೦೦೦ಕ್ಕೆ ತನ್ನಿ. ಸ್ಥಾಯಿ ಏರಿದೆಯೇ ಎಂದು ತಿಳಿಯಲು ಶೀರ್ಷಿಕೆ ಸಂಗೀತವನ್ನು ಎರಡೂ ಮೂಲಗಳಲ್ಲಿ ಕೇಳಿ ಹೋಲಿಸಿ. ಸಂಭಾಷಣೆಯಿಂದ ಅದು ಗೊತ್ತಾಗುವುದು ಕಷ್ಟ.

ಉತ್ತರ ೩: ಫ್ರೇಮ್ ದರ ಬೇರೆಯಾದ ಮಾತ್ರಕ್ಕೆ ಧ್ವನಿಯನ್ನು ಹಿಗ್ಗಿಸಬೇಕೆಂದೇನೂ ಇಲ್ಲ. ಪುಲ್‌ಡೌನ್ ಮಾಡಿದ (ಫ್ರೇಮುಗಳ ಭಾಗಗಳನ್ನು ಪುನರಾವರ್ತಿಸಿ ಸಂಖ್ಯೆ ಹೆಚ್ಚಿಸಿದ) ೨೯.೯೭ ಫ್ರೇಮಿನ ವಿಡಿಯೋದಲ್ಲಿ ಅವಧಿ ಬದಲಾಗಿರುವುದಿಲ್ಲ. ಮೊದಲು ಅವಧಿಗಳನ್ನು ಹೋಲಿಸಿ, ಅನಂತರ ಲೆಕ್ಕಕ್ಕೆ ಕೈ ಹಾಕಿ.

ಪ್ರಶ್ನಿಸಿದವರು: ಶೀರ್ಷಿಕೆ ಸಂಗೀತದಲ್ಲಿ ಸ್ಥಾಯಿ ಏರಿರುವುದು ಸ್ಪಷ್ಟವಾಗಿತ್ತು. ಎರಡನೆಯ ವಿಧಾನದಿಂದ ಕೊನೆಯ ದೃಶ್ಯದವರೆಗೂ ಸರಿಹೊಂದಿತು. ಆರಂಭದಲ್ಲಿ ಮಾತ್ರ ೪೦೦ ಮಿಲಿಸೆಕೆಂಡ್ ವಿಳಂಬ ಸೇರಿಸಬೇಕಾಯಿತು.