ಮಗನಿಗೆ 13 ವರ್ಷ, ಎದೆ ಹತ್ರ ಗಂಟು ಬಂದಿದೆ ಅಂತ ಶರ್ಟ್ ಬಿಚ್ಚೋದೇ ಇಲ್ಲ. ಇದು ಮಾಮೂಲಾ?

ದಾವಣಗೆರೆಅಮ್ಮ:

ಎಲ್ಲರಿಗೂ ನಮಸ್ತೆ. ಇದನ್ನ ಯಾರ ಹತ್ರ ಕೇಳ್ಬೇಕೋ ಗೊತ್ತಾಗ್ದೆ ಇಲ್ಲಿ ಹಾಕ್ತಿದೀನಿ, ಯಜಮಾನ್ರು ಕೆಲಸಕ್ಕೆ ಅಂತ ಮಸ್ಕತ್‌ನಲ್ಲಿದಾರೆ, ಅತ್ತೆ ಹತ್ರ ಇಂಥದ್ದೆಲ್ಲ ಮಾತಾಡೋಕಾಗಲ್ಲ. ಮಗ ಎಂಟನೇ ಕ್ಲಾಸು, ಕಬಡ್ಡಿ ಅಂದ್ರೆ ಊಟ ಬಿಟ್ಟು ಓಡ್ತಿದ್ದೋನು ಈಗ ಸ್ಕೂಲ್ ಟೀಮ್ ಬೇಡ ಅಂತ ಕೂತಿದಾನೆ. ಈ ಬಿಸಿಲಲ್ಲಿ ಬನಿಯನ್ನು, ಅದರ ಮೇಲೆ ಟೀ ಶರ್ಟು, ಅದರ ಮೇಲೆ ಇನ್ನೊಂದು ಶರ್ಟು. ಯುಗಾದಿಗೆ ಅವರಜ್ಜಿ ಎಣ್ಣೆ ಹಚ್ಚೋಕೆ ಕರೆದ್ರೆ ತಲೆಗೆ ಮಾತ್ರ ಹಚ್ಚಿ ಅಂದ, ಅವರು ಬಿಡ್ತಾರಾ, ಎದೆಗೆ ಕೈ ಹಾಕಿದ್ರೆ "ಮುಟ್ಬೇಡ ನೋವಾಗುತ್ತೆ" ಅಂತ ಕೂಗಿ ಬಾತ್ರೂಮ್ ಬಾಗಿಲು ಹಾಕ್ಕೊಂಡ.

ಆಮೇಲೆ ರಾತ್ರಿ ಮೆತ್ತಗೆ ಕೇಳಿದ್ದಕ್ಕೆ ಹೇಳ್ದ, ಎಡಗಡೆ ಮೊಲೆತೊಟ್ಟಿನ ಕೆಳಗೆ ಒಂದ್ರೂಪಾಯಿ ನಾಣ್ಯದಷ್ಟು ಗಟ್ಟಿಯಾಗಿ ಏನೋ ಇದೆಯಂತೆ, ಬಲಗಡೆನೂ ಸ್ವಲ್ಪ ಇದೆಯಂತೆ. ಕ್ಲಾಸಲ್ಲಿ ಯಾರೋ ಏನೋ ಹೆಸರಿಟ್ಟು ಕರೀತಾರಂತೆ, ಅದೇನು ಅಂತ ಬಾಯಿ ಬಿಡ್ತಿಲ್ಲ. ದಪ್ಪ ಹುಡುಗ ಏನಲ್ಲ. ದನಿ ಒಡೆದಿದೆ, ಮೂಗಿನ ಮೇಲೆ ಮೊಡವೆ, ರಾತ್ರಿ ಹನ್ನೆರಡಾದ್ರೂ ನಿದ್ದೆ ಇಲ್ಲ, ಏನ್ ಕೇಳಿದ್ರೂ ರೇಗಾಟ, ಆಮೇಲೆ ಅವನೇ ಒಬ್ನೇ ಕೂತು ಅಳ್ತಾನೆ. ಗೂಗಲ್ ಮಾಡಿದ್ರೆ ಕ್ಯಾನ್ಸರ್ ಅಂತೆಲ್ಲ ಬರ್ತಿದೆ, ನಂಗೆ ನಿದ್ದೆ ಹೋಗಿದೆ. ಚಿಕನ್ ಜಾಸ್ತಿ ತಿನ್ಸಿದ್ದಕ್ಕೆ ಹಿಂಗಾಯ್ತಾ? ಯಾರಿಗಾದ್ರೂ ಗೊತ್ತಿದ್ರೆ ಹೇಳಿ ಪ್ಲೀಸ್.

ಹುಬ್ಬಳ್ಳಿಹುಡುಗ:

ಅಕ್ಕಾರ, ನಂಗೂ ಸೇಮ್ ಆಗಿತ್ರಿ, ನಾನೂ ಎಂಟನೇತ್ತೇನ ಇದ್ದೆ ಆವಾಗ. ಎರಡೂ ಕಡೆ ಗಂಟು, ಬೆಂಚಿಗೆ ತಾಗಿದ್ರ ಜೀವ ಹೋದಂಗ ಆಗ್ತಿತ್ತು. ಸಾಲಿ ಚೀಲ ಬೆನ್ನಿಗೆ ಹಾಕೋದು ಬಿಟ್ಟು ಎದಿಗೆ ಅಪ್ಪಿಕೊಂಡು ಅಡ್ಡಾಡ್ತಿದ್ದೆ, ಬಗ್ಗಿ ನಡದೂ ನಡದೂ ನಮ್ಮಪ್ಪ "ಮುದುಕ ಆಗಿ ಏನಲೇ" ಅಂತ ಬೈತಿದ್ದ. ಕೆರ್‍ಯಾಗ ಈಜಾಕ ಹೋಗೋದು ಬಿಟ್ಟೆ. ನಾ ಹುಡುಗಿ ಆಗಾಕತ್ತೇನಿ ಅಂತ ಖರೇನ ಅನ್ಕೊಂಡಿದ್ದೆ ರೀ, ನಗಬ್ಯಾಡ್ರಿ, ಆ ವಯಸ್ಸಿನ್ಯಾಗ ಅದಕ್ಕಿಂತ ದೊಡ್ಡ ಅಂಜಿಕಿ ಯಾವ್ದೂ ಇಲ್ಲ. ಹತ್ತನೇತ್ತೆ ಮುಗಿಯೂದ್ರಾಗ ತಾನ ಕಮ್ಮಿ ಆತು, ಯಾವ ಔಷಧಾನೂ ತಗೊಂಡಿಲ್ಲ.

ಒಂದ ಮಾತು. "ಏನಿಲ್ಲ ಬಿಡು, ಗಂಡಸಾಗು" ಅನ್ನಬ್ಯಾಡ್ರಿ ಅವಂಗ. ನಂಗ ಎಲ್ಲಾರೂ ಅದನ್ನ ಅಂದ್ರು, ಅಂದಮ್ಯಾಗ ನಾ ಯಾರಿಗೂ ಏನೂ ಹೇಳೋದ ಬಿಟ್ಟೆ.

ಫಿಟ್‌ಗುರು:

ಬ್ರಾಯ್ಲರ್ ಕೋಳಿ, ಸೋಯಾ ಇವತ್ತೇ ಬಂದ್ ಮಾಡ್ಸಿ ಮೇಡಮ್, ಅದರಲ್ಲಿ ಹಾರ್ಮೋನ್ ಇಂಜೆಕ್ಷನ್ ಹಾಕಿರ್ತಾರೆ. ದಿನಾ ಪುಷಪ್ಸ್ ಮತ್ತೆ ಒಳ್ಳೆ ಬಾಡಿಬಿಲ್ಡಿಂಗ್ ಪೌಡರ್ ಶುರು ಮಾಡಿದ್ರೆ ಚೆಸ್ಟ್ ಟೈಟ್ ಆಗುತ್ತೆ.

ಮಕ್ಕಳಡಾಕ್ಟ್ರು:

ಮೇಲಿನವರ ಸಲಹೆ ದಯವಿಟ್ಟು ಪಾಲಿಸ್ಬೇಡಿ. ಬ್ರಾಯ್ಲರ್ ಕೋಳಿ ಬೇಗ ಬೆಳೆಯೋದು ಅದರ ತಳಿ ಮತ್ತೆ ಮೇವಿನಿಂದ, ನಿಮ್ಮ ಮಗ ಚಿಕನ್ ತಿಂದಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ. ಪುಷಪ್ಸ್ ಮಾಡ್ಲಿ ಸಂತೋಷ, ಆದ್ರೆ ಅದರಿಂದ ಗ್ರಂಥಿ ಕರಗಲ್ಲ. ಇನ್ನು ಆ ಪೌಡರ್ ವಿಷಯ, ಕೆಲವು ಬಾಡಿಬಿಲ್ಡಿಂಗ್ ಡಬ್ಬಿಗಳಲ್ಲಿ ಲೇಬಲ್ ಮೇಲೆ ಹೇಳದೆ ಅನಾಬಾಲಿಕ್ ಸ್ಟೀರಾಯ್ಡ್ (ಮಾಂಸಖಂಡ ಬೆಳೆಸೋ ಹಾರ್ಮೋನ್ ಔಷಧ) ಬೆರೆಸಿರ್ತಾರೆ, ಅದು ಮೈಯಲ್ಲಿ ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನ್ ಆಗಿ ಬದಲಾಗಿ ಇದೇ ತೊಂದ್ರೆನ ಇನ್ನೂ ಜಾಸ್ತಿ ಮಾಡುತ್ತೆ. ಎಂಥ ಮದ್ದು ನೋಡಿ.

ಅಮ್ಮಾ, ನೀವು ಬರೆದಿರೋದು ಓದಿದ್ರೆ ಇದು ಗೈನೆಕೊಮಾಸ್ಟಿಯಾ, ಅಂದ್ರೆ ಗಂಡು ಮಕ್ಕಳ ಎದೆಯ ಗ್ರಂಥಿ ಊದ್ಕೊಳ್ಳೋದು, ಆ ಥರ ಕಾಣುತ್ತೆ, ಕೈಯಿಂದ ಮುಟ್ಟಿ ನೋಡ್ದೆ ಖಚಿತ ಅಂತ ಹೇಳಲ್ಲ. ಹರೆಯಕ್ಕೆ ಬರೋ ಗಂಡು ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಒಂದಲ್ಲ ಒಂದು ಹಂತದಲ್ಲಿ ಇದು ಆಗುತ್ತೆ. ಗಂಡು ಮಕ್ಕಳ ಮೈಯಲ್ಲೂ ಈಸ್ಟ್ರೋಜನ್ ಇರುತ್ತೆ. ಗಂಡು ಹಾರ್ಮೋನ್ ಟೆಸ್ಟೋಸ್ಟಿರಾನ್ ಏರೋಕೆ ಶುರುವಾದಾಗ ಎರಡರ ಲೆಕ್ಕ ಕೆಲವು ಕಾಲ ಏರುಪೇರಾಗುತ್ತೆ, ಆಗ ತೊಟ್ಟಿನ ಕೆಳಗಿನ ಗ್ರಂಥಿ ಬಿಲ್ಲೆ ಥರ ಊದ್ಕೊಂಡು ಮುಟ್ಟಿದ್ರೆ ನೋವಾಗುತ್ತೆ. ಒಂದು ಕಡೆ ದೊಡ್ಡದು ಇನ್ನೊಂದು ಕಡೆ ಚಿಕ್ಕದು ಇರೋದೂ ಸಾಮಾನ್ಯ. ಹೆಚ್ಚಿನವರಲ್ಲಿ ಆರು ತಿಂಗಳಿಂದ ಎರಡು ವರ್ಷದೊಳಗೆ ತಾನಾಗೇ ಇಳಿಯುತ್ತೆ. ಬರೀ ಕೊಬ್ಬಾಗಿದ್ರೆ ಮೆತ್ತಗಿರುತ್ತೆ, ಈ ಬಿಲ್ಲೆ ಕೈಗೆ ಸಿಗಲ್ಲ.

ಹಂಗಂತ ತೋರಿಸೋದೇ ಬೇಡ ಅಂತಲ್ಲ, ಒಂದ್ಸಲ ತೋರಿಸಿ. ತೊಟ್ಟಿಂದ ನೀರೋ ರಕ್ತನೋ ಬಂದ್ರೆ, ಗಂಟು ಒಂದೇ ಕಡೆ ಕಲ್ಲಿನ ಥರ ಗಟ್ಟಿ ಇದ್ರೆ, ಬೇಗಬೇಗ ದೊಡ್ಡದಾಗ್ತಿದ್ರೆ, ಬೇರೆ ಹರೆಯದ ಲಕ್ಷಣ ಯಾವುದೂ ಇಲ್ದೆ ಇದೊಂದೇ ಬಂದಿದ್ರೆ, ಅಥವಾ ವೃಷಣದಲ್ಲಿ ಗಂಟು ಕಂಡ್ರೆ ತಡ ಮಾಡ್ಬೇಡಿ. ಬೇರೆ ಯಾವುದಾದ್ರೂ ಮಾತ್ರೆ ತಗೋತಿದ್ರೆ ಅದನ್ನೂ ಡಾಕ್ಟ್ರಿಗೆ ಹೇಳಿ.

ರೇಗಾಟ, ಅಳು ಅಂದ್ರಲ್ಲ, ಅದರಲ್ಲಿ ಹಾರ್ಮೋನ್ ಪಾಲು ಇದೆ, ನಿದ್ದೆಯ ಪಾಲು ಇನ್ನೂ ದೊಡ್ಡದು ಅಂತ ನನ್ನ ಅಭಿಪ್ರಾಯ. ಈ ವಯಸ್ಸಲ್ಲಿ ನಿದ್ದೆ ತರಿಸೋ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತೆ, ಮಲಗು ಅಂದ ಕೂಡ್ಲೇ ನಿದ್ದೆ ಬರಲ್ಲ, ಬೆಳಗ್ಗೆ ಟ್ಯೂಷನ್ನಿಗೆ ಐದಕ್ಕೇ ಎಬ್ಬಿಸ್ತೀವಿ. ಬೇಕಿರೋದು 8ರಿಂದ 10 ಗಂಟೆ, ಸಿಗೋದು ಐದೋ ಆರೋ. ಅದರ ಮೇಲೆ ಕ್ಲಾಸಲ್ಲಿ ಅಡ್ಡಹೆಸರು ಬೇರೆ, ದೊಡ್ಡವರಾದ್ರೂ ರೇಗ್ತಾರೆ.

ಮೊಡವೆಗೆ ಮೆಡಿಕಲ್ ಶಾಪಲ್ಲಿ ಕೇಳಿ ಬೆಳ್ಳಗಾಗೋ ಕ್ರೀಮ್ ತರಬೇಡಿ, ಎಷ್ಟೋ ಅಂಥ ಕ್ರೀಮಲ್ಲಿ ಸ್ಟೀರಾಯ್ಡ್ ಇರುತ್ತೆ, ಮುಖದ ಚರ್ಮ ತೆಳುವಾಗಿ ಕೆಂಪಾಗಿ ಮೊಡವೆ ಇನ್ನೂ ಏಳುತ್ತೆ.

ಇನ್ನೊಂದು, ನೀವು ಕೇಳಿಲ್ಲ ಆದ್ರೂ ಹೇಳ್ತೀನಿ, ಗಂಡು ಮಕ್ಕಳಿರೋ ಎಲ್ಲರೂ ಓದಿ. ವೃಷಣದಲ್ಲಿ ಇದ್ದಕ್ಕಿದ್ದಂಗೆ ಜೋರು ನೋವು ಬಂದ್ರೆ, ಜೊತೆಗೆ ವಾಂತಿ ಬಂದ್ರೆ, ಅಥವಾ ಹೊಟ್ಟೆಯ ಕೆಳಗೆ ನೋವು ಅಂತ ಹೇಳ್ತಿದ್ರೂ ಸರಿ, ಬೆಳಗಾಗ್ಲಿ ಅಂತ ಕಾಯ್ಬೇಡಿ. ವೃಷಣ ಒಳಗೆ ತಿರುಚಿಕೊಂಡು ರಕ್ತ ಓಡಾಟ ನಿಂತಿರಬಹುದು. ಸುಮಾರು ಆರು ಗಂಟೆಯೊಳಗೆ ಆಪರೇಷನ್ ಆದ್ರೆ ಉಳಿಸಿಕೊಳ್ಳೋ ಸಾಧ್ಯತೆ ಚೆನ್ನಾಗಿರುತ್ತೆ, ಆಮೇಲೆ ಕಮ್ಮಿಯಾಗ್ತಾ ಹೋಗುತ್ತೆ. ಹುಡುಗರು ನಾಚಿಕೆಗೆ ಹೇಳದೆ ರಾತ್ರಿಯೆಲ್ಲ ತಡ್ಕೊಂಡು ಬೆಳಗ್ಗೆ ಬರ್ತಾರೆ, ಅಷ್ಟೊತ್ತಿಗೆ ಎಷ್ಟೋ ಸಲ ನಮ್ಮ ಕೈಲಿ ಏನೂ ಇರಲ್ಲ. ಇದನ್ನ ನಿಮ್ಮ ಮಗನಿಗೆ ಇವತ್ತೇ ಹೇಳಿ.

ಕುಡ್ಲದಮೇಷ್ಟ್ರು:

ನಾನು ಹೈಸ್ಕೂಲಲ್ಲಿ ಮೇಷ್ಟ್ರಾಗಿದ್ದವ, ಈಗ ರಿಟೈರ್ಡ್. ಒಂದು ವಿಷಯ ನೋಡಿ ನೋಡಿ ಬೇಜಾರು ಬಂದಿದೆ ಮಾರಾಯ್ರೆ. ಆರೋಗ್ಯ ಇಲಾಖೆಯವರು ಬಂದ್ರೆ ಹುಡುಗಿಯರನ್ನು ಒಂದು ರೂಮಿಗೆ ಕರ್ಕೊಂಡು ಹೋಗಿ ಮುಟ್ಟಿನ ಬಗ್ಗೆ ಎಲ್ಲ ಹೇಳ್ತಾರೆ, ಒಳ್ಳೇದೇ ಅದು, ಹುಡುಗರನ್ನು ಮಾತ್ರ ಗ್ರೌಂಡಿಗೆ ಆಡ್ಲಿಕ್ಕೆ ಬಿಡುದು. ಮನೆಯಲ್ಲೂ ಹಾಗೇ ಅಲ್ವಾ, ಹುಡುಗಿ ದೊಡ್ಡವಳಾದ್ರೆ ಆರತಿ, ಸೀರೆ, ಚಿಗಳಿ ಉಂಡೆ, ಹತ್ತು ಜನ ಹೆಂಗಸರು ಕೂತು ಹೀಗೆ ಹಾಗೆ ಅಂತ ಹೇಳ್ತಾರೆ (ಹೇಳುದರಲ್ಲಿ ಅರ್ಧ ಮೈಲಿಗೆ ಪುರಾಣ, ಅದು ಬೇರೆ ಜಗಳ). ಹುಡುಗನಿಗೆ ಮೀಸೆ ಬಂದ್ರೆ ಎಂತ ಉಂಟು? ತಮಾಷೆ ಮಾತ್ರ. ಅವನಿಗೆ ಪಾಠ ಹೇಳುದು ಬಸ್ ಸ್ಟ್ಯಾಂಡಿನ ಗೋಡೆ ಮೇಲಿನ ಗುಪ್ತರೋಗದ ಪೋಸ್ಟರು ಮತ್ತೆ ಮೊಬೈಲು. ನಿದ್ದೆಯಲ್ಲಿ ವೀರ್ಯ ಹೋದ್ರೆ ಶಕ್ತಿ ಹೋಗ್ತದೆ, ಧಾತು ನಷ್ಟ, ಜ್ಞಾಪಕ ಶಕ್ತಿ ಹೋಗ್ತದೆ ಅಂತ ಹೆದರಿ ಪರೀಕ್ಷೆಯಲ್ಲಿ ಫೇಲಾದ ಹುಡುಗನನ್ನು ನಾನು ನೋಡಿದ್ದೇನೆ. ಅದು ಸಹಜ, ರೋಗ ಅಲ್ಲ, ಅದರಿಂದ ನಿತ್ರಾಣ ಬರುದಿಲ್ಲ. ಇಷ್ಟು ಹೇಳ್ಲಿಕ್ಕೆ ಎರಡು ನಿಮಿಷ ಸಾಕು.

ದನಿಯ ಬಗ್ಗೆ ನನಗೆ ಗೊತ್ತಿದ್ದದ್ದು ಹೇಳ್ತೇನೆ, ಭಜನೆ ಕಲಿಸ್ತಿದ್ದೆ. ಗಂಟಲಿನ ಪೆಟ್ಟಿಗೆ ದೊಡ್ಡದಾಗಿ ತಂತು ಉದ್ದ ಆಗ್ತದೆ, ಹುಡುಗನಿಗೆ ಹಳೇ ಲೆಕ್ಕದಲ್ಲಿ ಸ್ವರ ಹಿಡಿಲಿಕ್ಕೆ ಹೋದ್ರೆ ಜಾರ್ತದೆ. ಕೆಲವು ತಿಂಗಳು ಹಾಗೇ ಇರ್ತದೆ. ಆಗ ಹಾಡುದು ಪೂರ್ತಿ ನಿಲ್ಲಿಸ್ಬೇಡ, ಮೇಲಿನ ಸ್ವರಕ್ಕೆ ಒತ್ತಾಯ ಮಾಡ್ಬೇಡ, ಕೆಳಗಿನ ಶ್ರುತಿಯಲ್ಲಿ ಮೆಲ್ಲ ಹಾಡು ಅಂತ ಹೇಳ್ತಿದ್ದೆ.

ಮತ್ತೆ ಆ ಅಡ್ಡಹೆಸರಿನ ವಿಷಯ, ಕ್ಲಾಸ್ ಟೀಚರನ್ನು ಗುಟ್ಟಾಗಿ ನೋಡಿ ಮಾತಾಡಿ. ಎಲ್ಲರೆದುರು ಹುಡುಗರನ್ನು ನಿಲ್ಲಿಸಿ ಬೈದ್ರೆ ಮಾರನೇ ದಿನ ಆ ಹೆಸರು ಇಡೀ ಶಾಲೆಗೆ ಗೊತ್ತಾಗ್ತದೆ, ಅದನ್ನು ಮಾತ್ರ ಮಾಡ್ಬೇಡಿ ಅಂತ ಟೀಚರಿಗೆ ಮೊದಲೇ ಹೇಳಿ.

ದಾವಣಗೆರೆಅಮ್ಮ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಡಾಕ್ಟ್ರೇ ನಿಮಗೆ ಎಷ್ಟು ಹೇಳಿದ್ರೂ ಸಾಲದು. ಹುಬ್ಬಳ್ಳಿ ತಮ್ಮಾ, ನೀನು ಬರೆದಿದ್ದನ್ನ ಮಗನಿಗೆ ಓದೋಕೆ ಕೊಟ್ಟೆ. ಏನೂ ಮಾತಾಡ್ಲಿಲ್ಲ, ಆದ್ರೆ ಮೊಬೈಲ್ ವಾಪಸ್ ಕೊಡೋಕೆ ತುಂಬಾ ಹೊತ್ತು ತಗೊಂಡ, ಆಮೇಲೆ "ಅವ್ನಿಗೆ ಪೂರ್ತಿ ಹೋಯ್ತಂತಾ" ಅಂತ ಒಂದೇ ಪ್ರಶ್ನೆ. ಅವರಪ್ಪಂಗೂ ಫೋನಲ್ಲಿ ಹೇಳ್ದೆ, ಅವರು ನಕ್ಕು "ನಂಗೂ ಇತ್ತು ಕಣೇ" ಅಂತಾರೆ! ಇಷ್ಟು ವರ್ಷ ಸಂಸಾರ ಮಾಡಿ ಈಗ ಹೇಳ್ತಿದಾರೆ. ಅದನ್ನ ಅವನಿಗೇ ಹೇಳಿ ಅಂತ ಫೋನ್ ಮಗನ ಕೈಗೆ ಕೊಟ್ಟು ನಾನು ಅಡುಗೆ ಮನೆಗೆ ಬಂದೆ.

ಇನ್ನೊಂದು ಡೌಟು, ಕ್ಲಾಸಲ್ಲಿ ಹುಡುಗಿಯರೆಲ್ಲ ಇವನಿಗಿಂತ ಎತ್ತರ, ಇವನ ಜೊತೆ ಹುಡುಗರಲ್ಲೂ ಒಬ್ಬನಿಗೆ ಆಗ್ಲೇ ಗಡ್ಡ ಬಂದಿದೆ, ಇನ್ನೊಬ್ಬ ನಾಲ್ಕನೇ ಕ್ಲಾಸ್ ಥರ ಇದಾನೆ. ಇವನು ಉದ್ದ ಆಗ್ತಾನಾ? ಡಾಕ್ಟ್ರ ಹತ್ರ ಹೋಗುವಾಗ ನಾನೂ ಒಳಗೆ ಹೋಗ್ಲಾ ಬೇಡ್ವಾ? ಇಲ್ಲಿ ಯಾವ ಡಾಕ್ಟ್ರಿಗೆ ತೋರಿಸ್ಬೇಕು?

ಮಕ್ಕಳಡಾಕ್ಟ್ರು:

ಹುಡುಗಿಯರಿಗೆ ಉದ್ದ ಆಗೋ ಜೋರು ಸುಮಾರು ಎರಡು ವರ್ಷ ಮುಂಚೆ ಬರುತ್ತೆ, ಏಳು ಎಂಟನೇ ಕ್ಲಾಸಲ್ಲಿ ಅವರು ಎತ್ತರ ಕಾಣೋದು ಅದಕ್ಕೇ. ಹುಡುಗರಲ್ಲಿ ಹರೆಯ 9ರಿಂದ 14ರೊಳಗೆ ಯಾವಾಗ ಬೇಕಾದ್ರೂ ಶುರುವಾಗಬಹುದು, ಅದರಿಂದ ಒಂದೇ ಬೆಂಚಲ್ಲಿ ಗಡ್ಡದವನೂ ಇರ್ತಾನೆ, ಮಗುವಿನ ಥರದವನೂ ಇರ್ತಾನೆ. ನಿಮ್ಮವನಿಗೆ ದನಿ ಒಡೀತಿದೆ ಅಂದ್ರೆ ಎತ್ತರ ಏರೋ ಕಾಲ ಬಂದಿದೆ, ಜೋರಿರೋ ವರ್ಷದಲ್ಲಿ 9, 10 ಸೆಂಟಿಮೀಟರ್ ಏರಬಹುದು, ಪ್ಯಾಂಟು ಸ್ವಲ್ಪ ಉದ್ದ ಇರೋದೇ ತಗೊಳ್ಳಿ. ಆ ನಾಲ್ಕನೇ ಕ್ಲಾಸ್ ಥರದ ಹುಡುಗನಿಗೆ 14 ತುಂಬಿದ ಮೇಲೂ ಯಾವ ಲಕ್ಷಣನೂ ಕಾಣ್ಲಿಲ್ಲ ಅಂದ್ರೆ ಒಮ್ಮೆ ತೋರಿಸೋಕೆ ಅವರ ಮನೆಯವರಿಗೆ ಹೇಳಿ, ಎಷ್ಟೋ ಸಲ ಅಪ್ಪನೂ ತಡವಾಗೇ ಬೆಳೆದಿರ್ತಾರೆ, ಗಾಬರಿ ಬೇಡ. ಸ್ಕೂಲಲ್ಲಿ ವಾರಕ್ಕೊಂದು ನೀಲಿ ಕಬ್ಬಿಣದ ಮಾತ್ರೆ ಕೊಡ್ತಾರಲ್ಲ, ಹುಡುಗರು ಅದನ್ನ ಕಿಟಕಿಯಿಂದಾಚೆ ಎಸೀತಾರೆ, ಅದು ಹುಡುಗಿಯರಿಗೆ ಮಾತ್ರ ಅಲ್ಲ ಅಂತ ಇವನಿಗೆ ಹೇಳಿ.

ಯಾವ ಮಕ್ಕಳ ಡಾಕ್ಟ್ರಾದ್ರೂ ಆಗುತ್ತೆ. ಸರ್ಕಾರಿ ಆಸ್ಪತ್ರೆಯಲ್ಲಿ ಹದಿಹರೆಯದವರಿಗೆ ಅಂತಲೇ ಸ್ನೇಹ ಕ್ಲಿನಿಕ್ ಇರುತ್ತೆ, ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ, ಕೌನ್ಸೆಲರ್ ಸಿಗ್ತಾರೆ. ಅಳು ನಿಲ್ಲದೆ, ಊಟ, ಆಟ, ಸ್ಕೂಲು ಎಲ್ಲ ಬಿಟ್ಟು ಕೂತ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಒಳಗೆ ನೀವೂ ಹೋಗಿ, ವಿಷಯ ಹೇಳಿ. ಪರೀಕ್ಷೆ ಮಾಡುವಾಗ ಅಮ್ಮ ಇರ್ಬೇಕಾ, ಬೇಡ್ವಾ, ಅಥವಾ ಮಾಮನೋ ಚಿಕ್ಕಪ್ಪನೋ ಜೊತೆಗಿರ್ಬೇಕಾ ಅಂತ ಮನೇಲೇ ಅವನನ್ನ ಕೇಳ್ಕೊಂಡು ಹೋಗಿ. ಕೊನೇಲಿ ಐದು ನಿಮಿಷ ಅವನೂ ಡಾಕ್ಟ್ರೂ ಮಾತಾಡ್ಲಿ, ನೀವು ಹೊರಗೆ ಬೆಂಚ್ ಮೇಲೆ ಕೂತಿರಿ. ಬಂದ ಮೇಲೆ ಏನ್ ಕೇಳ್ದೆ ಅಂತ ಕೇಳೋಕೆ ಹೋಗ್ಬೇಡಿ.

ಹುಬ್ಬಳ್ಳಿಹುಡುಗ:

ಅಕ್ಕಾರ, ಪೂರ್ತಿ ಹೋತು ಅಂತ ಹೇಳ್ರಿ ಅವಂಗ. ಕಬಡ್ಡಿಗೆ ಟೈಟ್ ಜೆರ್ಸಿ ಬ್ಯಾಡ ಅನ್ನಿಸಿದ್ರ ಒಂದ ಸೈಜ್ ದೊಡ್ಡದು ಕೇಳು ಅನ್ರಿ, ಒಳಗ ಕಂಪ್ರೆಷನ್ ಬನಿಯನ್ ಹಾಕ್ಕೊಂಡ್ರ ತಾಗೂದೂ ಕಡಿಮಿ, ಆದ್ರ ಉಸರಾಡಾಕ ಆಗದಷ್ಟು ಬಿಗಿ ತಗೋಬ್ಯಾಡ್ರಿ.