ಗೆರೆ ಹತ್ತಿರ ಹಿಡಿದ ಕ್ಯಾಚ್: ಔಟ್ ಕೊಟ್ಟ ಮೇಲೂ ರನ್ ಹೇಗೆ ಬಂತು?

ಜಯನಗರದ_ಅಪ್ಪ
ಸಾಫ್ಟ್‌ಬಾಲ್ ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ. ಭಾನುವಾರ ಮಗಳ ಟೀಮಿನ ಮ್ಯಾಚ್ ಇತ್ತು. ಕೊನೆಯ, ಅಂದ್ರೆ 7ನೇ ಇನ್ನಿಂಗ್ಸ್, ಸ್ಕೋರ್ ಸಮ, ಎದುರು ಟೀಮ್ ಬ್ಯಾಟಿಂಗ್. ಒಂದು ಔಟ್ ಆಗಿದೆ, ಥರ್ಡ್ ಬೇಸ್‌ನಲ್ಲಿ ರನ್ನರ್ ಇದ್ದಾಳೆ, ಮುಂದಿನ ಬೇಸ್ ಅಂದ್ರೆ ಹೋಮ್ ಮುಟ್ಟಿದರೆ ರನ್. ಫೌಲ್ ಕಡೆಗೆ, ಅಂದ್ರೆ ಬ್ಯಾಟರ್ ಹೊಡೆಯಬೇಕಾದ ಜಾಗದ ಪಕ್ಕಕ್ಕೆ, ಚೆಂಡು ಮೇಲೆದ್ದಿತು. ನಮ್ಮ ಥರ್ಡ್ ಬೇಸ್ ಹುಡುಗಿ ಓಡಿಹೋಗಿ ಆಟದ ಜಾಗದ ಅಂಚಿನ ಸುಣ್ಣದ ಗೆರೆ ಮೇಲೆ ಕಾಲಿಟ್ಟು ಹಿಡಿದಳು, ಆದರೆ ಓಡಿದ ರಭಸಕ್ಕೆ ನಿಲ್ಲಲಾಗದೆ ಆಚೆ ಹೋಗಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಬಿದ್ದಳು. ಚೆಂಡು ಗ್ಲವ್‌ನಲ್ಲೇ ಇತ್ತು. ಅಂಪೈರ್ ಔಟ್ ಅಂದರು, ನಾವು ಚಪ್ಪಾಳೆ ತಟ್ಟಿದೆವು. ಮರುಕ್ಷಣವೇ ರನ್ನರ್‌ಗೆ ‘ಹೋಮ್‌ಗೆ ಹೋಗಮ್ಮ’ ಅಂದರು. ಮ್ಯಾಚ್ ಹೋಯಿತು. ಔಟ್ ಅಂದ್ರೆ ಔಟ್, ಅದರ ಜೊತೆಗೆ ರನ್ ಯಾಕೆ ಕೊಡಬೇಕು?

ನೀಲಿ_ಶರ್ಟ್_ಅಂಪೈರ್
ಸರ್, ಅಂಪೈರ್ ಹೇಳಿದ್ದು ಸರಿಯಾಗಿಯೇ ಇದೆ. ಗೆರೆ ಆಟದ ಜಾಗಕ್ಕೇ ಸೇರಿದ್ದು. ಅದರ ಮೇಲೆ ಕಾಲಿದ್ದಾಗ ಹಿಡಿದರೆ ಕ್ಯಾಚ್, ಬ್ಯಾಟರ್ ಔಟ್. ಆದರೆ ಚೆಂಡು ಕೈಯಲ್ಲಿಟ್ಟುಕೊಂಡು ಆಚೆ ಹೋದ ತಕ್ಷಣ ಬಾಲ್ ಡೆಡ್, ಅಂದ್ರೆ ಆಟ ಅಲ್ಲಿಗೇ ನಿಲ್ಲುತ್ತೆ. ಇದಕ್ಕೆ ‘ಕ್ಯಾಚ್ ಅಂಡ್ ಕ್ಯಾರಿ’ ಅಂತಾರೆ. ಬೇಕಂತ ಹೋಗದಿದ್ದರೆ ರನ್ನರ್‌ಗಳಿಗೆಲ್ಲ ಒಂದು ಬೇಸ್, ಬೇಕಂತಲೇ ಹೋದರೆ ಎರಡು. ಥರ್ಡ್‌ನಲ್ಲಿದ್ದವಳಿಗೆ ಒಂದು ಬೇಸ್ ಅಂದ್ರೆ ಹೋಮ್ ಅಲ್ವಾ?

ಹಿಡಿಯುವ ಮೊದಲೇ ಅವಳ ಕಾಲು ಪೂರ್ತಿ ಆಚೆ ಊರಿದ್ದರೆ ಕ್ಯಾಚೇ ಅಲ್ಲ, ಬರೀ ಫೌಲ್. ನಿಮ್ಮ ಮಟ್ಟಿಗೆ ಅದೇ ಒಳ್ಳೆಯದಿತ್ತು!

ರಬ್ಬರ್‌ಬಾಲ್_ಕ್ರಿಕೆಟಿಗ
ನಮ್ಮ ತಲೆ ಕೆಡೋದು ಇಲ್ಲೇ. ಕ್ರಿಕೆಟ್‌ನಲ್ಲಿ ಕ್ಯಾಚ್ ಹಿಡಿಯುವಾಗ ಹಗ್ಗಕ್ಕೆ ಕಾಲು ತಾಗಿದರೆ ಸಿಕ್ಸ್, ಹಿಡಿದು ಅದೇ ರಭಸದಲ್ಲಿ ಆಚೆ ಹೋದರೂ ಸಿಕ್ಸ್, ಬ್ಯಾಟ್ಸ್‌ಮನ್ ಔಟಿಲ್ಲ. ಇಲ್ಲಿ ಗೆರೆ ತುಳಿದರೂ ಪರವಾಗಿಲ್ಲ, ಔಟೂ ಉಳಿಯುತ್ತೆ, ಮೇಲೆ ರನ್ನೂ ಹೋಗುತ್ತೆ. ವಿಚಿತ್ರ ಆಟ ಮಾರಾಯ್ರೇ. ಬಿದ್ದಾಗ ಚೆಂಡು ಗ್ಲವ್‌ನಿಂದ ಜಾರಿದ್ದರೆ?

ನೀಲಿ_ಶರ್ಟ್_ಅಂಪೈರ್
ಚೆಂಡು ಪೂರ್ತಿ ಹಿಡಿತಕ್ಕೆ ಬರುವ ಮೊದಲೇ ಜಾರಿದರೆ ಕ್ಯಾಚ್ ಇಲ್ಲ, ಫೌಲ್ ಅಷ್ಟೇ. ಹಿಡಿತಕ್ಕೆ ಬಂದಿತ್ತೋ ಇಲ್ಲವೋ ಅನ್ನೋದನ್ನು ಅಂಪೈರ್ ಕಣ್ಣಳತೆಯಲ್ಲೇ ತೀರ್ಮಾನಿಸಬೇಕು. ಜಗಳ ಜಾಸ್ತಿ ಆಗೋದೂ ಅಲ್ಲೇ.

ಜಯನಗರದ_ಅಪ್ಪ
ಸರಿ ಸರ್, ಒಪ್ಪಿದೆ. ಆದರೆ ರನ್ನರ್ ಕ್ಯಾಚ್‌ಗೆ ಮೊದಲೇ ಬೇಸ್ ಬಿಟ್ಟಿದ್ದಳು ಅಂತ ನಮ್ಮ ಕಡೆಯ ಹುಡುಗಿಯರು ಹೇಳುತ್ತಿದ್ದಾರೆ. ಆಗಲೂ ಹೋಮ್ ಕೊಡ್ತಾರಾ?

ಸಂಜೆ_ಪ್ರಾಕ್ಟೀಸ್_ಕೋಚ್
ಬೇಸ್ ಕೊಟ್ಟರೂ ಅವಳು ವಾಪಸ್ ಬಂದು ಥರ್ಡ್ ಮುಟ್ಟಿಯೇ ಹೋಗಬೇಕು. ಮುಟ್ಟದೆ ಹೋದರೆ ನಿಮ್ಮವರು ಅಪೀಲ್ ಮಾಡಬಹುದಿತ್ತು. ಅಂಪೈರ್ ತಾವಾಗಿಯೇ ಹೇಳಲ್ಲ, ಕೇಳಬೇಕು. ಎಲ್ಲರೂ ಗ್ರೌಂಡ್ ಬಿಟ್ಟ ಮೇಲೆ ಕೇಳಿದರೆ ಆಗಲ್ಲ.

ನನ್ನ ತಕರಾರು ಬೇರೆ. ಆ ಚೆಂಡನ್ನು ಹಿಡಿಯಲೇಬಾರದಿತ್ತು. ಸ್ಕೋರ್ ಸಮ, ಥರ್ಡ್‌ನಲ್ಲಿ ರನ್ನರ್, ಒಂದೇ ಔಟ್. ಬಿಟ್ಟಿದ್ದರೆ ಒಂದು ಫೌಲ್ ಆಗ್ತಿತ್ತು, ಪಿಚರ್ ಇನ್ನೊಂದು ಬಾಲ್ ಹಾಕ್ತಿದ್ದಳು. ಎರಡು ಔಟ್ ಆಗಿದ್ದರೆ ಮಾತ್ರ ಕುರ್ಚಿ ಮೇಲಾದರೂ ಬೀಳಲಿ, ಹಿಡಿಯಲೇಬೇಕು, ಮೂರನೇ ಔಟ್ ಆಗಿ ಇನ್ನಿಂಗ್ಸೇ ಮುಗಿಯುತ್ತೆ. ಹುಡುಗಿಯದೇನೂ ತಪ್ಪಿಲ್ಲ, ಮೇಲೆ ನೋಡಿಕೊಂಡು ಓಡುವವಳಿಗೆ ಗೆರೆ ಎಲ್ಲಿ ಕಾಣಬೇಕು? ಬ್ಯಾಟರ್ ಹಿಂದೆ ಕೂರುವ ಕ್ಯಾಚರ್ ಕೂಗಬೇಕು. ನಮ್ಮ ಟೀಮಿನಲ್ಲಿ ‘ಬಿಡು’ ಅಂತ ಜೋರಾಗಿ ಕೂಗೋದನ್ನೂ ಪ್ರಾಕ್ಟೀಸ್ ಮಾಡಿಸ್ತೀನಿ. ಮಕ್ಕಳು ನಗ್ತಾರೆ, ನಗಲಿ.

ರಬ್ಬರ್‌ಬಾಲ್_ಕ್ರಿಕೆಟಿಗ
ಕ್ಯಾಚ್ ಬಿಡಿ ಅಂತ ಹೇಳಿಕೊಡುವ ಕೋಚನ್ನು ಇವತ್ತೇ ನೋಡಿದ್ದು 😄

ನೀಲಿ_ಶರ್ಟ್_ಅಂಪೈರ್
ಕೋಚ್ ಹೇಳಿದ್ದು ನಿಜ. ಇನ್ನೊಂದು ವಿಷಯ, ನಮ್ಮ ಬೆಂಗಳೂರಿನ ಸ್ಕೂಲ್ ಗ್ರೌಂಡ್‌ಗಳಲ್ಲಿ ಬೇಲಿ ಇರೋದು ಅಪರೂಪ. ಒಂದು ಕಡೆ ಬೈಕ್ ನಿಲ್ಲಿಸಿರ್ತಾರೆ, ಇನ್ನೊಂದು ಕಡೆ ಬೇವಿನ ಮರ. ಮಳೆ ಬಂದರಂತೂ ಸುಣ್ಣ ಅಳಿಸಿ ಹೋಗಿರುತ್ತೆ. ಟಾಸ್‌ಗೆ ಹೋದಾಗಲೇ ಆಟದ ಜಾಗ ಎಲ್ಲಿಗೆ ಮುಗಿಯುತ್ತೆ, ಮರದ ಕೊಂಬೆಗೆ ತಾಗಿದರೆ ಏನು ಅಂತ ಅಂಪೈರ್ ಬಾಯಲ್ಲಿ ಹೇಳಿಸಿಕೊಳ್ಳಿ. ಕುರ್ಚಿಗಳನ್ನು ಗೆರೆಗೆ ಒತ್ತಿಕೊಂಡು ಹಾಕಿದ್ದರೆ ಹಿಂದಕ್ಕೆ ಎಳೆಸಿ.